ಟೆಕ್ಸಾಸ್‌ನಲ್ಲಿ ಮನೆ ಕೊಳ್ಳುವ ಮುಂಚೆ ‘ಮಡ್’ ಲೆಕ್ಕ ನೋಡುವುದು ಹೇಗೆ?

ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಹೊರವಲಯದ ಹೊಸ ಲೇಔಟುಗಳಲ್ಲಿ ಮನೆ ಕೊಳ್ಳುತ್ತಿರುವ ಕನ್ನಡಿಗರು ಬಹಳ ಮಂದಿ. ಬೆಲೆ, ಬಡ್ಡಿ, ಶಾಲೆ ಎಲ್ಲವನ್ನೂ ಅಳೆದು ತೂಗಿ ನೋಡುತ್ತಾರೆ. ಆದರೆ ಆಸ್ತಿ ತೆರಿಗೆಯ ಪಟ್ಟಿಯಲ್ಲಿ ಕೌಂಟಿ, ಶಾಲಾ ಡಿಸ್ಟ್ರಿಕ್ಟ್ ಹೆಸರುಗಳ ಕೆಳಗೆ ಕೂತಿರುವ ಒಂದು ಸಾಲನ್ನು ಓದದೆ ಸಹಿ ಹಾಕಿಬಿಡುತ್ತಾರೆ. ಆ ಸಾಲಿನಲ್ಲಿ ಇರುವುದು ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್, ಅಂದರೆ ಲೇಔಟಿಗೆ ನೀರು, ಒಳಚರಂಡಿ ಒದಗಿಸುವ ಸ್ಥಳೀಯ ಸಂಸ್ಥೆ. ಎಲ್ಲರ ಬಾಯಲ್ಲಿ ಅದು ಮಡ್.

ಮಡ್ ಅಂದರೆ ಬಿಲ್ಡರ್ ಹಾಕುವ ಶುಲ್ಕ ಅಲ್ಲ. ಎಚ್‌ಒಎ ಅಂತೂ ಅಲ್ಲವೇ ಅಲ್ಲ. ಎಚ್‌ಒಎ ಅಂದರೆ ಮನೆ ಮಾಲೀಕರ ಒಂದು ಖಾಸಗಿ ಸಂಘ. ಹುಲ್ಲು ಕತ್ತರಿಸಿಲ್ಲ, ಬೇಲಿಗೆ ಬೇರೆ ಬಣ್ಣ ಬಳಿದಿದ್ದೀರಿ ಎಂದು ಪತ್ರ ಬರುವುದು ಅಲ್ಲಿಂದ. ಮಡ್ ಒಂದು ಪುಟ್ಟ ಸರ್ಕಾರ. ತೆರಿಗೆ ಹಾಕುವ ಅಧಿಕಾರ ಅದಕ್ಕಿದೆ, ಸಾಲ ಎತ್ತುವ ಅಧಿಕಾರ ಇದೆ, ಅದನ್ನು ನಡೆಸುವವರಿಗೆ ಚುನಾವಣೆ ಇದೆ. ಒಂದು ನಿರ್ದಿಷ್ಟ ಕೆಲಸಕ್ಕೆಂದು ಹುಟ್ಟಿದ ಇಂಥ ‘ವಿಶೇಷ ಡಿಸ್ಟ್ರಿಕ್ಟ್‌’ಗಳು ಅಮೆರಿಕದಲ್ಲಿ 2022ರ ಗಣತಿಯ ಪ್ರಕಾರ 39,555 ಇವೆ. ಆ ದೇಶದ ನಗರಸಭೆಗಳ ಸಂಖ್ಯೆ ಇದರ ಅರ್ಧದಷ್ಟೂ ಇಲ್ಲ.

ಮೊದಲು, ಇದು ಯಾಕೆ ಇದೆ ಎಂದು ತಿಳಿಯಿರಿ

ಟೆಕ್ಸಾಸ್‌ನಲ್ಲಿ ನಗರದ ಗಡಿ ದಾಟಿದರೆ ನೀರು, ಒಳಚರಂಡಿ ಕೊಡುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಕೌಂಟಿಗಳ ಕೈಯಲ್ಲಿ ಅಷ್ಟು ಅಧಿಕಾರವಿಲ್ಲ. ನಗರಗಳು ಅಷ್ಟು ದೂರ ಪೈಪು ಎಳೆಯಲು ಮುಂದೆ ಬರುವುದಿಲ್ಲ. ಹಾಗಾಗಿ ಡೆವಲಪರ್ ಖಾಲಿ ಜಮೀನು ಕೊಂಡು, ಆ ಜಮೀನಿಗೇ ಒಂದು ಡಿಸ್ಟ್ರಿಕ್ಟ್ ಮಾಡಿಕೊಡಿ ಎಂದು ರಾಜ್ಯವನ್ನು ಕೇಳುತ್ತಾನೆ. ಇದರ ಬೇರು 1917ರಲ್ಲಿ ರಾಜ್ಯ ಸಂವಿಧಾನಕ್ಕೆ ಆದ ತಿದ್ದುಪಡಿಯಲ್ಲಿದೆ. ಮಡ್ ಈಗಿನ ರೂಪಕ್ಕೆ ಬಂದದ್ದು 1971ರಲ್ಲಿ. ಅರ್ಜಿಯನ್ನು ಪರಿಶೀಲಿಸುವುದು ಟೆಕ್ಸಾಸ್ ಪರಿಸರ ಗುಣಮಟ್ಟ ಆಯೋಗ. ಎಲ್ಲರೂ ಟಿಸಿಇಕ್ಯು ಅನ್ನುತ್ತಾರೆ. ಶಾಸನಸಭೆ ನೇರವಾಗಿ ಕಾಯ್ದೆ ಮಾಡಿ ಹುಟ್ಟಿಸುವ ಮಡ್‌ಗಳೂ ಇವೆ.

ದುಡ್ಡಿನ ದಾರಿ ಹೀಗಿದೆ. ಮೊದಲು ಡೆವಲಪರ್ ತನ್ನ ಕೈಯಿಂದ ಖರ್ಚು ಮಾಡಿ ನೀರಿನ ಪೈಪು, ಚರಂಡಿ, ಮಳೆನೀರಿನ ಕೆರೆ ಎಲ್ಲ ಮಾಡಿಸುತ್ತಾನೆ. ಕೆಲವು ಮಡ್‌ಗಳಿಗೆ ರಸ್ತೆ, ಪಾರ್ಕು ಮಾಡುವ ಅಧಿಕಾರವೂ ಇರುತ್ತದೆ. ಮನೆಗಳು ಎದ್ದು, ತೆರಿಗೆ ಕಟ್ಟುವ ಜನ ಬಂದ ಮೇಲೆ ಮಡ್ ಬಾಂಡ್, ಅಂದರೆ ಸಾಲಪತ್ರ, ಮಾರುತ್ತದೆ. ಬಂದ ಹಣ ಡೆವಲಪರ್‌ಗೆ ವಾಪಸ್ ಹೋಗುತ್ತದೆ. ಆ ಬಾಂಡಿನ ಅಸಲು, ಬಡ್ಡಿಯನ್ನು ಮನೆಯವರು ವರ್ಷಾನುಗಟ್ಟಲೆ ತೆರಿಗೆಯ ರೂಪದಲ್ಲಿ ತೀರಿಸುತ್ತಾರೆ.

ಬೆಂಗಳೂರಿನ ಹೊರವಲಯದ ಖಾಸಗಿ ಬಡಾವಣೆ ನೆನಪಿಸಿಕೊಳ್ಳಿ. ಸೈಟು ಮಾರಿ ಡೆವಲಪರ್ ಹೊರಟ ಮೇಲೆ ರಸ್ತೆ ಯಾರದು, ನೀರು ಯಾರು ಕೊಡಬೇಕು ಎಂದು ಪಂಚಾಯಿತಿಗೂ ಪಾಲಿಕೆಗೂ ಅಲೆಯುವುದು ಅಲ್ಲಿಯವರ ಪಾಡು. ಮಡ್‌ನಲ್ಲಿ ಆ ಗೊಂದಲ ಇಲ್ಲ. ಮೊದಲ ಮನೆ ಎದ್ದಾಗಲೇ ನಲ್ಲಿಯಲ್ಲಿ ನೀರಿರುತ್ತದೆ. ಈ ಪದ್ಧತಿಯನ್ನು ಸುಮ್ನೆ ಬೈಯುವವರಿಗೆ ನಾನು ಈ ಮಾತು ಹೇಳುತ್ತೇನೆ. ಬೆಲೆ ಇದೆ ನಿಜ, ಆದರೆ ಆ ಬೆಲೆಗೆ ಕೆಲಸ ಆಗಿರುತ್ತದೆ.

ದರವನ್ನು ಎರಡು ಭಾಗ ಮಾಡಿ ನೋಡಿ

ಮಡ್ ತೆರಿಗೆಯನ್ನು ಮನೆಯ ಮೌಲ್ಯದ ಪ್ರತಿ 100 ಡಾಲರ್‌ಗೆ ಇಷ್ಟು ಎಂದು ಹೇಳುತ್ತಾರೆ. ಉದಾಹರಣೆಗೆ, ದರ 90 ಸೆಂಟ್, ಮನೆ 4.5 ಲಕ್ಷ ಡಾಲರ್ ಅಂದುಕೊಳ್ಳಿ. ವರ್ಷಕ್ಕೆ 4,050 ಡಾಲರ್ ಆಯಿತು. ಇದು ಮಡ್‌ಗೆ ಮಾತ್ರ. ಶಾಲೆ, ಕೌಂಟಿ ತೆರಿಗೆ ಬೇರೆ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಎಂದು ಸಂತೋಷಪಟ್ಟು ಬರುವವರು ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ಹೊಸ ಲೇಔಟುಗಳಲ್ಲಿ ಎಲ್ಲ ಸೇರಿ ದರ 100ಕ್ಕೆ 3 ಡಾಲರ್ ಹತ್ತಿರ ಹೋಗುವುದೂ ಇದೆ.

ಆ 90 ಸೆಂಟಿನಲ್ಲಿ ಎರಡು ಪಾಲು ಇರುತ್ತದೆ. ಒಂದು ಸಾಲ ತೀರಿಸಲು, ಇನ್ನೊಂದು ದಿನನಿತ್ಯದ ನಿರ್ವಹಣೆಗೆ. ಸಾಲದ ಪಾಲು 65, ನಿರ್ವಹಣೆ 25 ಎಂದಿದ್ದರೆ, ಲೇಔಟ್ ತುಂಬಿದಂತೆ ಆ 65 ಇಳಿಯುವ ಅವಕಾಶ ಇದೆ. ಹಳೆಯ ಮಡ್‌ಗಳಲ್ಲಿ ದರ ತೀರಾ ಕಡಿಮೆ ಇರುವುದು ಇದೇ ಕಾರಣಕ್ಕೆ. ಸಾಲ ತೀರುತ್ತಾ ಬಂದಿರುತ್ತದೆ, ತೆರಿಗೆ ಕಟ್ಟುವ ಮನೆಗಳು ಜಾಸ್ತಿಯಾಗಿರುತ್ತವೆ. ಇನ್ನೊಂದು ಸಂಗತಿಯೂ ಗೊತ್ತಿರಲಿ. ಬಾಂಡ್ ತೀರಿಸಲು ಹಾಕುವ ತೆರಿಗೆಗೆ ಕಾನೂನಿನ ಮೇಲ್ಮಿತಿ ಇರುವುದಿಲ್ಲ. ಸಾಲಕ್ಕೆ ಎಷ್ಟು ಬೇಕೋ ಅಷ್ಟು ಎತ್ತಬಹುದು.

ಇನ್ನೂ ಎಷ್ಟು ಸಾಲ ಬಾಕಿ ಇದೆ?

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಇವತ್ತಿನ ದರ ನಿಮಗೆ ಹೇಳುವುದು ಕಡಿಮೆ. ಈಗಾಗಲೇ ಎತ್ತಿದ ಸಾಲ ಎಷ್ಟು, ಎತ್ತಲು ಒಪ್ಪಿಗೆ ಸಿಕ್ಕಿ ಇನ್ನೂ ಎತ್ತದೆ ಇರುವುದು ಎಷ್ಟು, ಎಷ್ಟು ಮನೆ ಆಗಿವೆ, ಎಷ್ಟು ಆಗಬೇಕು. ಈ ನಾಲ್ಕು ಅಂಕಿ ಸಿಕ್ಕಿದರೆ ಮುಂದಿನ ಹತ್ತು ವರ್ಷ ಹೇಗಿರಬಹುದು ಎಂಬ ಅಂದಾಜು ಸಿಗುತ್ತದೆ.

ಒಂದು ಕಾಲ್ಪನಿಕ ಮಡ್ ತೆಗೆದುಕೊಳ್ಳೋಣ. 2,000 ಮನೆಗಳ ಯೋಜನೆ. 12 ಕೋಟಿ ಡಾಲರ್ ಬಾಂಡ್‌ಗೆ ಒಪ್ಪಿಗೆ. 500 ಮನೆ ಎದ್ದಿವೆ, 3 ಕೋಟಿ ಸಾಲ ಎತ್ತಿದ್ದಾರೆ. ಮನೆಗೆ ತಲಾ 60,000 ಡಾಲರ್ ಆಯಿತು. ಎಲ್ಲ ಮನೆಗಳೂ ಆಗಿ ಎಲ್ಲ ಸಾಲವನ್ನೂ ಎತ್ತಿದರೆ ಆಗಲೂ ತಲಾ 60,000. ಸರಿ, ಸಮಾಧಾನ. ಆದರೆ ಸಾಲ 6 ಕೋಟಿ ಮುಟ್ಟಿದ ಮೇಲೆ ಮನೆ ಮಾರಾಟ ನಿಂತು 700ಕ್ಕೇ ಉಳಿದರೆ? ತಲಾ ಸುಮಾರು 86,000. ಬಾರದ ನೆರೆಯವರ ಪಾಲನ್ನೂ ಬಂದವರೇ ಹೊರಬೇಕು. ಇದು ಬರೀ ಭಯವಲ್ಲ. 1980ರ ದಶಕದಲ್ಲಿ ಎಣ್ಣೆ ಬೆಲೆ ಕುಸಿದಾಗ ಹ್ಯೂಸ್ಟನ್ ಸುತ್ತ ಕೆಲವು ಮಡ್‌ಗಳು ಸಾಲ ತೀರಿಸಲಾಗದೆ ನಿಂತಿದ್ದವು. ಈಗ ಬಾಂಡ್ ಮಾರುವ ಮುಂಚೆ ಸಾಮಾನ್ಯವಾಗಿ ಟಿಸಿಇಕ್ಯು ಒಪ್ಪಿಗೆ ಬೇಕು, ಎಷ್ಟು ಮನೆ ಆಗಿವೆ ಎಂದೂ ನೋಡುತ್ತಾರೆ. ಆದರೂ ಅರ್ಧಂಬರ್ಧ ಕಟ್ಟಿದ ಲೇಔಟಿನಲ್ಲಿ ಮೊದಲ ಮನೆ ಕೊಳ್ಳುವವರ ತಲೆ ಮೇಲೆ ಅಪಾಯ ಜಾಸ್ತಿಯೇ ಇರುತ್ತದೆ.

ಈ ಅಂಕಿಗಳು ಎಲ್ಲಿ ಸಿಗುತ್ತವೆ? ಮೊದಲನೆಯದು ನಿಮ್ಮ ಕೈಗೇ ಬರುತ್ತದೆ. ಮಡ್ ಒಳಗಿನ ಮನೆ ಮಾರುವವರು ಒಪ್ಪಂದಕ್ಕೆ ಸಹಿ ಆಗುವ ಮುಂಚೆ ಕೊಳ್ಳುವವರಿಗೆ ಒಂದು ನೋಟಿಸ್ ಕೊಡಲೇಬೇಕು. ತೆರಿಗೆ ದರ, ಮತದಾರರು ಒಪ್ಪಿದ ಬಾಂಡ್ ಮೊತ್ತ, ಈವರೆಗೆ ಮಾರಿದ ಮೊತ್ತ ಎಲ್ಲ ಅದರಲ್ಲಿರುತ್ತದೆ. ಕೊಡದೇ ಹೋದರೆ ಒಪ್ಪಂದ ಮುರಿಯುವ ಹಕ್ಕು ಕೊಳ್ಳುವವರಿಗಿದೆ. ತೊಂದರೆ ಏನೆಂದರೆ, ಅದು ಮೂವತ್ತು ನಲವತ್ತು ಪುಟಗಳ ಕಾಗದದ ಕಟ್ಟಿನಲ್ಲಿ ಬರುತ್ತದೆ, ‘ಇಲ್ಲೊಂದು ಸಹಿ’ ಎಂದು ಸ್ಕ್ರೀನ್ ಮೇಲೆ ಬಾಣದ ಗುರುತು ತೋರಿಸುತ್ತದೆ. ರಿಯಲ್ಟರ್‌ಗೆ ಹೇಳಿ ಆ ಒಂದು ಹಾಳೆಯನ್ನು ಮುಂಚೆಯೇ ಬೇರೆ ತರಿಸಿಕೊಳ್ಳಿ.

ಎರಡನೆಯದು ಬಾಂಡಿನ ‘ಅಫಿಷಿಯಲ್ ಸ್ಟೇಟ್‌ಮೆಂಟ್’. ಬಾಂಡ್ ಕೊಳ್ಳುವ ಹೂಡಿಕೆದಾರರಿಗೆಂದು ಬರೆಯುವ ದಾಖಲೆ ಇದು. ಎಮ್ಮಾ (EMMA) ಎಂಬ ಜಾಲತಾಣದಲ್ಲಿ ಮಡ್ ಹೆಸರು ಹಾಕಿ ಹುಡುಕಿದರೆ ಉಚಿತವಾಗಿ ಸಿಗುತ್ತದೆ. ಎಷ್ಟು ಮನೆ ಮುಗಿದಿವೆ, ಎಷ್ಟು ಸೈಟು ಖಾಲಿ ಇವೆ, ಅತಿ ಹೆಚ್ಚು ತೆರಿಗೆ ಕಟ್ಟುವವರು ಯಾರು ಎಂಬುದೆಲ್ಲ ಇರುತ್ತದೆ. ಡೆವಲಪರ್‌ಗೆ ಇನ್ನೂ ಎಷ್ಟು ವಾಪಸ್ ಕೊಡಬೇಕು ಎಂಬುದೂ ಸಾಮಾನ್ಯವಾಗಿ ಸಿಗುತ್ತದೆ. ಅಪಾಯಗಳ ಬಗ್ಗೆಯೇ ಒಂದು ಭಾಗ ಇರುತ್ತದೆ. ಮನೆ ಮಾರುವವರು ಹೇಳದ ಮಾತುಗಳನ್ನು ಸಾಲ ಕೊಡುವವರಿಗೆ ಕಾನೂನಿನ ಭಯಕ್ಕೆ ಬಿಡಿಸಿ ಹೇಳಿರುತ್ತಾರೆ. ಒಂದು ಸಂಜೆ ಕೂತು ಓದಿ. ಮನೆಯ ಬಗ್ಗೆ ಇಷ್ಟು ನೇರವಾಗಿ ಹೇಳುವ ಇನ್ನೊಂದು ಕಾಗದ ನಿಮಗೆ ಸಿಗಲಿಕ್ಕಿಲ್ಲ.

ಎರಡನೇ ವರ್ಷದ ಕಂತಿಗೆ ಈಗಲೇ ತಯಾರಾಗಿ

ಹೊಸ ಮನೆ ಕೊಂಡ ಬಹಳ ಜನ ಎಡವುವುದು ಇಲ್ಲಿ. ಟೆಕ್ಸಾಸ್‌ನಲ್ಲಿ ಆಸ್ತಿಯ ಮೌಲ್ಯ ನಿಗದಿಯಾಗುವುದು ಜನವರಿ 1ರಂದು ಅದು ಹೇಗಿತ್ತು ಎಂಬುದರ ಮೇಲೆ. ನೀವು ಆಗಸ್ಟ್‌ನಲ್ಲಿ ಗೃಹಪ್ರವೇಶ ಮಾಡಿದ್ದೀರಿ. ಆ ಜನವರಿಯಲ್ಲಿ ಅಲ್ಲಿ ಬರೀ ಸೈಟಿತ್ತು, ಮೌಲ್ಯ 60,000 ಡಾಲರ್. ಒಟ್ಟು ದರ 100ಕ್ಕೆ 2.80 ಡಾಲರ್ ಎಂದರೆ ಆ ವರ್ಷದ ತೆರಿಗೆ 1,680. ಮುಂದಿನ ಜನವರಿ ಹೊತ್ತಿಗೆ 4.5 ಲಕ್ಷದ ಮನೆ ನಿಂತಿದೆ. ವಿನಾಯಿತಿಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ತೆರಿಗೆ 12,600. ತಿಂಗಳಿಗೆ 140 ಡಾಲರ್ ಇದ್ದದ್ದು 1,050 ಆಯಿತು. ಬ್ಯಾಂಕು ಎಸ್ಕ್ರೋ ಖಾತೆಯಲ್ಲಿ (ತೆರಿಗೆ ಕಟ್ಟಲೆಂದು ಕಂತಿನ ಜೊತೆಗೇ ಹಣ ತೆಗೆದಿಡುವ ಖಾತೆ) ಹಳೆಯ ಲೆಕ್ಕದಂತೆ ಹಣ ಹಿಡಿದಿದ್ದರೆ, ಕೊರತೆಯನ್ನೂ ಸೇರಿಸಿ ಕಂತು ಏರಿಸುತ್ತದೆ. ಇದು ಮೋಸ ಅಲ್ಲ, ಆದರೆ ಎದೆ ಧಸಕ್ ಅನ್ನುತ್ತದೆ. ಕ್ಲೋಸಿಂಗ್, ಅಂದರೆ ಮನೆ ನಿಮ್ಮ ಹೆಸರಿಗೆ ಆಗುವ ಸಮಯದಲ್ಲೇ ‘ಎಸ್ಕ್ರೋ ಲೆಕ್ಕವನ್ನು ಪೂರ್ತಿ ಮನೆಯ ಮೌಲ್ಯದ ಮೇಲೆ ಹಾಕಿ’ ಎಂದು ಕೇಳಿ. ಒಪ್ಪದಿದ್ದರೆ ವ್ಯತ್ಯಾಸದ ಹಣವನ್ನು ತಿಂಗಳು ತಿಂಗಳು ನೀವೇ ಬೇರೆ ತೆಗೆದಿಡಿ.

ಇನ್ನೊಂದು ಲೆಕ್ಕ ತಪ್ಪುವುದು ಹೋಮ್‌ಸ್ಟೆಡ್ ವಿನಾಯಿತಿಯಲ್ಲಿ. ವಾಸದ ಮನೆಗೆ ಸಿಗುವ ದೊಡ್ಡ ವಿನಾಯಿತಿ ಶಾಲಾ ತೆರಿಗೆಗೆ ಸಂಬಂಧಿಸಿದ್ದು. ಮಡ್‌ಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ಮಡ್ ಮಂಡಳಿ ಬಯಸಿದರೆ ಶೇ 20ರವರೆಗೆ ತನ್ನದೇ ವಿನಾಯಿತಿ ಕೊಡಬಹುದು. ಕೊಡುತ್ತದೆಯೇ ಎಂದು ವಿಚಾರಿಸಿ.

ನೀರಿನ ಬಿಲ್ಲನ್ನೂ ಕೇಳಿ ನೋಡಿ

ತೆರಿಗೆ ಕಟ್ಟಿದರೂ ನೀರಿನ ಬಿಲ್ಲು ಬೇರೆ ಬರುತ್ತದೆ. ಹ್ಯೂಸ್ಟನ್ ಸುತ್ತಮುತ್ತ ಆ ಬಿಲ್ಲಿನಲ್ಲಿ ಪ್ರಾದೇಶಿಕ ಜಲ ಪ್ರಾಧಿಕಾರದ ಶುಲ್ಕ ಎಂಬ ಒಂದು ಸಾಲು ಕಾಣಬಹುದು. ಅದರ ಹಿಂದೆ ದೊಡ್ಡ ಕಥೆ ಇದೆ. ದಶಕಗಳ ಕಾಲ ಬೋರ್‌ವೆಲ್ ನೀರು ಎತ್ತಿ ಎತ್ತಿ ಆ ಪ್ರದೇಶದ ನೆಲವೇ ಕುಸಿಯಿತು. ಬೇಟೌನ್‌ನ ಬ್ರೌನ್‌ವುಡ್ ಎಂಬ ಬಡಾವಣೆ ಕೊಲ್ಲಿಯ ನೀರಿನ ಮಟ್ಟಕ್ಕೆ ಇಳಿದು, 1983ರ ಅಲಿಷಿಯಾ ಚಂಡಮಾರುತದ ನಂತರ ಜನ ಅದನ್ನು ಬಿಟ್ಟೇ ಹೋದರು. ನೆಲ ಕುಸಿತ ತಡೆಯಲು 1975ರಲ್ಲೇ ಒಂದು ಪ್ರತ್ಯೇಕ ಡಿಸ್ಟ್ರಿಕ್ಟ್ ಬಂದಿತ್ತು. ಅಂತರ್ಜಲ ಬಿಟ್ಟು ನದಿ, ಸರೋವರದ ನೀರಿಗೆ ಬದಲಾಗುವ ಖರ್ಚು ಈ ಶುಲ್ಕದ ರೂಪದಲ್ಲಿ ಮನೆಗಳಿಗೆ ಹಂಚಿಕೆಯಾಗಿದೆ. ಪಕ್ಕದ ಮನೆಯವರನ್ನು ಒಂದು ಬೇಸಿಗೆ ತಿಂಗಳ ಬಿಲ್ಲು ಎಷ್ಟು ಬಂತು ಎಂದು ಕೇಳಿದರೆ ಸಾಕು.

ನಡೆಸುವವರು ಯಾರು?

ಐದು ಜನ ನಿರ್ದೇಶಕರ ಮಂಡಳಿ. ನಾಲ್ಕು ವರ್ಷದ ಅವಧಿ. ಎರಡು ವರ್ಷಕ್ಕೊಮ್ಮೆ ಎರಡೋ ಮೂರೋ ಸ್ಥಾನಕ್ಕೆ ಚುನಾವಣೆ. ಬಹಳಷ್ಟು ಮಡ್‌ಗಳಿಗೆ ಸ್ವಂತ ನೌಕರರೇ ಇಲ್ಲ. ವಕೀಲರು, ಎಂಜಿನಿಯರ್, ನೀರಿನ ಘಟಕ ನಡೆಸುವವರು, ಲೆಕ್ಕ ಬರೆಯುವವರು, ಎಲ್ಲರೂ ಗುತ್ತಿಗೆಯ ಮೇಲೆ. ಎಲ್ಲ ಕಡೆ ಹಾಗಿಲ್ಲ. ರೌಂಡ್ ರಾಕ್ ಪಕ್ಕದ ಬ್ರಷಿ ಕ್ರೀಕ್ ಮಡ್‌ಗೆ ಸ್ವಂತ ಸಿಬ್ಬಂದಿ, ಈಜುಕೊಳ, ಪಾರ್ಕು, ಸಮುದಾಯ ಭವನ ಎಲ್ಲ ಇದೆ.

ಮಡ್‌ನ ಬಗ್ಗೆ ನನಗಿರುವ ದೊಡ್ಡ ತಕರಾರು ಅದರ ಆರಂಭದ ದಿನಗಳದ್ದು. ಬಾಂಡ್‌ಗೆ ಮತದಾರರ ಒಪ್ಪಿಗೆ ಬೇಕು ಎನ್ನುತ್ತದೆ ಕಾನೂನು. ಆದರೆ ಆ ಮತದಾನ ನಡೆಯುವಾಗ ಮನೆಗಳೇ ಇರುವುದಿಲ್ಲ. ಖಾಲಿ ಜಮೀನಿನಲ್ಲಿ ಟ್ರೈಲರ್ ತಂದಿಟ್ಟು, ಅದರಲ್ಲಿ ಕೆಲವು ದಿನ ಇದ್ದ ಬೆರಳೆಣಿಕೆಯ ಜನ ಕೋಟಿಗಟ್ಟಲೆ ಡಾಲರ್ ಸಾಲಕ್ಕೆ ಹೂಂ ಅಂದ ಪ್ರಸಂಗಗಳನ್ನು ಅಲ್ಲಿನ ಪತ್ರಿಕೆಗಳು ಬರೆದಿವೆ. ಮುಂದೆ ಸಾವಿರಾರು ಕುಟುಂಬ ತೀರಿಸಬೇಕಾದ ಸಾಲ ಅದು. ಕಾನೂನಿಗೆ ಸರಿ ಇರಬಹುದು, ನನಗೆ ಇದು ನ್ಯಾಯ ಅನ್ನಿಸುವುದಿಲ್ಲ. ಡೆವಲಪರ್‌ನ ನೌಕರರು, ನೆಂಟರು ನಿರ್ದೇಶಕರಾಗುವಂತಿಲ್ಲ ಎಂಬ ನಿಯಮ ಇದೆ. ಆದರೆ ಡಿಸ್ಟ್ರಿಕ್ಟ್‌ನಲ್ಲಿ ವಾಸ ಇಲ್ಲದೆಯೂ ಒಂದಿಷ್ಟು ಜಾಗದ ಒಡೆತನ ಇದ್ದರೆ ನಿರ್ದೇಶಕರಾಗಬಹುದು. ಆದ್ದರಿಂದ ಮಂಡಳಿಯ ಐವರಲ್ಲಿ ಎಷ್ಟು ಜನ ಆ ಲೇಔಟಿನಲ್ಲೇ ಇದ್ದಾರೆ ಎಂದು ವಿಚಾರಿಸುವುದು ಒಳ್ಳೆಯದು.

ಮನೆ ಕೊಂಡ ಮೇಲೆ ಏನು ಮಾಡಬಹುದು

ಸ್ಪರ್ಧಿಗಳೇ ಇಲ್ಲದೆ ಚುನಾವಣೆ ರದ್ದಾಗುವುದು ಮಡ್‌ಗಳಲ್ಲಿ ಮಾಮೂಲು. ಅಂದರೆ ಅಮೆರಿಕದ ಪೌರತ್ವ ಪಡೆದು ಅಲ್ಲಿ ನೆಲೆಸಿದವರು ನಿಲ್ಲಲು ಮನಸ್ಸು ಮಾಡಿದರೆ ದಾರಿ ಕಷ್ಟವಲ್ಲ. ಬಜೆಟ್ ಓದಲು ಬರುವ, ಎರಡು ಪ್ರಶ್ನೆ ಕೇಳುವ ಧೈರ್ಯ ಇರುವ ಯಾರಾದರೂ ಸಾಕು.

ಎಚ್-1ಬಿ ವೀಸಾದವರಿಗೆ, ಗ್ರೀನ್ ಕಾರ್ಡ್‌ನವರಿಗೆ ಮತ ಇಲ್ಲ, ತೆರಿಗೆ ಮಾತ್ರ ಪೂರ್ತಿ. ಇದು ನೋವಿನ ಸಂಗತಿಯೇ. ಆದರೆ ಮಂಡಳಿ ಸಭೆ ಸಾರ್ವಜನಿಕ ಸಭೆ. ದಿನಾಂಕ, ವಿಷಯಪಟ್ಟಿ ಮುಂಚೆಯೇ ಪ್ರಕಟಿಸಬೇಕು. ಯಾರು ಬೇಕಾದರೂ ಹೋಗಬಹುದು, ಮಾತಾಡಬಹುದು. ಲೆಕ್ಕಪತ್ರ, ಗುತ್ತಿಗೆ ಕಾಗದಗಳನ್ನು ಕೇಳಿ ಪಡೆಯಬಹುದು. ಕೆಲವು ಮಂಡಳಿಗಳು ಕೆಲಸದ ದಿನ ಮಧ್ಯಾಹ್ನ, ದೂರದ ವಕೀಲರ ಕಚೇರಿಯಲ್ಲಿ ಸೇರುತ್ತವೆ. ಅಲ್ಲಿನ ಮತದಾರರು ಒಟ್ಟಾಗಿ ಬರೆದು ಕೇಳಿದರೆ ಸಭೆಯನ್ನು ಲೇಔಟಿನ ಹತ್ತಿರಕ್ಕೆ ತರಿಸುವ ದಾರಿ ಕಾನೂನಿನಲ್ಲಿದೆ.

ವರ್ಷದ ಲೆಕ್ಕಕ್ಕೆ ಕ್ಯಾಲೆಂಡರ್‌ನಲ್ಲಿ ಕೆಲವು ದಿನ ಗುರುತು ಹಾಕಿಕೊಳ್ಳಿ. ಏಪ್ರಿಲ್ ಸುಮಾರಿಗೆ ಮನೆಯ ಮೌಲ್ಯದ ನೋಟಿಸ್ ಬರುತ್ತದೆ. ಜಾಸ್ತಿ ಅನ್ನಿಸಿದರೆ ಮೇ 15ರ ಒಳಗೆ, ಇಲ್ಲವೇ ನೋಟಿಸ್ ಕಳಿಸಿದ 30 ದಿನದ ಒಳಗೆ ತಕರಾರು ಸಲ್ಲಿಸಬೇಕು. ಯಾವುದು ತಡವೋ ಅದು. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಮಡ್ ಮುಂದಿನ ದರ ತೀರ್ಮಾನಿಸುತ್ತದೆ. ವರ್ಷದಲ್ಲಿ ಒಂದೇ ಸಭೆಗೆ ಹೋಗಲು ಆಗುವುದಾದರೆ ಅದಕ್ಕೆ ಹೋಗಿ. ಸಾಲದ ಪಾಲು ಯಾಕೆ ಇಳಿದಿಲ್ಲ, ಡೆವಲಪರ್‌ಗೆ ಇನ್ನೆಷ್ಟು ಬಾಕಿ, ಮುಂದಿನ ಬಾಂಡ್ ಯಾವಾಗ ಎಂದು ಕೇಳಿ. ಅಕ್ಟೋಬರ್‌ನಿಂದ ಬಿಲ್ಲು ಬರಲು ಶುರುವಾಗುತ್ತದೆ. ಜನವರಿ 31ಕ್ಕೆ ಕಟ್ಟಬೇಕು, ಫೆಬ್ರುವರಿ 1ರಿಂದ ದಂಡ.