ನಾಯಿ ಜೊತೆ ಡೊಲೊಮೈಟ್ಸ್ ಬೆಟ್ಟಕ್ಕೆ: ಬ್ಯಾಗ್ ಕಟ್ಟುವ ಮೊದಲು ಕುಕ್ಕೆ ಕಲಿಸಿ

ಕಳೆದ ಜುಲೈ, ಇಟಲಿಯ ಆಲ್ಪ್ಸ್‌ನಲ್ಲಿರುವ ಡೊಲೊಮೈಟ್ಸ್‌ನ ಒಂದು ಕೇಬಲ್ ಕಾರ್ ನಿಲ್ದಾಣ. ನಮ್ಮ ಮುಂದೆ ಸಾಲಿನಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಒಂದು ಲ್ಯಾಬ್ರಡಾರ್. ನಾಯಿಗೆ ಮಝಲ್, ಅಂದರೆ ಮೂತಿಗೆ ಹಾಕುವ ಕುಕ್ಕೆ, ಬೇಕು ಅಂದರು ಕೌಂಟರ್‌ನವರು. ಅಪ್ಪ ಬ್ಯಾಗಿನಿಂದ ಹೊಸ ಮಝಲ್ ತೆಗೆದರು, ಅದರ ಬೆಲೆ ಚೀಟಿ ಕೂಡ ಹರಿದಿರಲಿಲ್ಲ. ತೊಡಿಸಿದ ಕೂಡಲೇ ನಾಯಿ ನೆಲಕ್ಕೆ ಬಿದ್ದು ಎರಡೂ ಮುಂಗಾಲಿನಿಂದ ಮೂತಿ ಕೆರೆದುಕೊಳ್ಳತೊಡಗಿತು. ಹತ್ತು ನಿಮಿಷ ಒದ್ದಾಡಿ ಅವರು ವಾಪಸ್ ಹೋದರು. ಚಿಕ್ಕ ಹುಡುಗಿ ಅಳುತ್ತಿದ್ದಳು.

ಪ್ರತಿ ಬೇಸಿಗೆ ಇದನ್ನೇ ನೋಡುತ್ತೇನೆ. ಜನ ಬೂಟು, ಜಾಕೆಟ್, ಹೋಟೆಲ್ ಎಲ್ಲಾ ಆರು ತಿಂಗಳು ಮೊದಲೇ ನೋಡುತ್ತಾರೆ, ನಾಯಿಗೆ ಮಾತ್ರ ಹಿಂದಿನ ದಿನ ತಯಾರಿ. ನಾವಿರುವುದು ಮ್ಯೂನಿಕ್‌ನಲ್ಲಿ. ನಮ್ಮ ಕೆಂಚ ಮೈಸೂರಿನ ಬೀದಿಯಲ್ಲಿ ಹುಟ್ಟಿದವನು, 18 ಕೆಜಿ ಇದ್ದಾನೆ, ನಾಲ್ಕು ಬೇಸಿಗೆಯಿಂದ ನಮ್ಮ ಜೊತೆ ಆಲ್ಪ್ಸ್ ಹತ್ತುತ್ತಿದ್ದಾನೆ. ಅವನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಗದ ಪತ್ರ

ಯುರೋಪಿಯನ್ ಒಕ್ಕೂಟದೊಳಗೆ ಇದು ಸುಲಭ. ಚರ್ಮದಡಿ ಹಾಕುವ ಗುರುತಿನ ಮೈಕ್ರೋಚಿಪ್, ರೇಬೀಸ್ ಲಸಿಕೆ, ಪೆಟ್ ಪಾಸ್‌ಪೋರ್ಟ್, ಮೂರೇ. ಆದರೆ ಚಿಪ್ ಮೊದಲು, ಲಸಿಕೆ ಆಮೇಲೆ. ಉಲ್ಟಾ ಆದರೆ ಆ ಲಸಿಕೆ ಲೆಕ್ಕಕ್ಕಿಲ್ಲ. ಮೊದಲ ಲಸಿಕೆ ಆಗಿ 21 ದಿನ ಕಳೆದಿರಬೇಕು. ಬೂಸ್ಟರ್ ಒಂದು ದಿನ ತಪ್ಪಿದರೂ ಮತ್ತೆ 21 ದಿನ ಕಾಯಬೇಕು, ಆದ್ದರಿಂದ ತಾರೀಖು ಇವತ್ತೇ ತೆಗೆದು ನೋಡಿ.

ಭಾರತದಿಂದ ನಾಯಿ ತರುವವರಿಗೆ ಇದು ಉದ್ದದ ಕೆಲಸ. ಚಿಪ್, ಲಸಿಕೆ, ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆದು ಒಕ್ಕೂಟ ಒಪ್ಪಿದ ಲ್ಯಾಬ್‌ನಲ್ಲಿ ರೇಬೀಸ್ ಪ್ರತಿಕಾಯ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯುವುದು. ಒಟ್ಟು ನಾಲ್ಕು ತಿಂಗಳಾದರೂ ಬೇಕು. ಇಲ್ಲಿಗೆ ವಾಸಕ್ಕೆ ಬರುವವರು ಖಂಡಿತ ಮಾಡಿ, ನಾವೂ ಮಾಡಿದ್ದೇವೆ. ಬರೀ ಎರಡು ವಾರದ ರಜೆಗೆ ಅಂತ ಬೆಂಗಳೂರಿನಿಂದ ನಾಯಿಯನ್ನು ವಿಮಾನದಲ್ಲಿ ತರಬೇಡಿ. ಪಾಪ ಅದು, ಮನೆಯಲ್ಲೇ ನೆಂಟರ ಹತ್ತಿರ ಬಿಟ್ಟು ಬನ್ನಿ.

ಈಗ ಕುಕ್ಕೆ, ಇದಕ್ಕೆ ನಾಲ್ಕು ವಾರ ಬೇಕು

ಒಕ್ಕಣೆ ಮಾಡುವಾಗ ಎತ್ತಿನ ಬಾಯಿಗೆ ಕುಕ್ಕೆ ಹಾಕುತ್ತಿದ್ದರಲ್ಲ, ನಾಯಿಗೂ ಬೇಕಾಗಿರುವುದು ಅಂಥದ್ದೇ: ಗಾಳಿ ಆಡುವ, ಬುಟ್ಟಿ ಆಕಾರದ್ದು. ಇಟಲಿಯಲ್ಲಿ ನಾಯಿ ಜೊತೆ ಹೊರಗೆ ಹೋದರೆ ಇದು ಕೈಯಲ್ಲಿ ಇರಲೇಬೇಕು. ರೈಲಿನಲ್ಲಿ ದೊಡ್ಡ ನಾಯಿಗೆ ಹಾಕಲೇಬೇಕು, ಹೆಚ್ಚಿನ ಕೇಬಲ್ ಕಾರ್‌ಗಳಲ್ಲೂ ಹಾಗೇ.

ಮೂತಿಯನ್ನು ಬಿಗಿಯಾಗಿ ಮುಚ್ಚುವ ಬಟ್ಟೆಯ ಮಝಲ್ ದಯವಿಟ್ಟು ಕೊಳ್ಳಬೇಡಿ. ಅಗ್ಗ, ಜೇಬಿನಲ್ಲಿ ಹಿಡಿಯುತ್ತದೆ, ಎಲ್ಲಾ ನಿಜ. ಆದರೆ ನಾಯಿ ಮೈ ತಂಪು ಮಾಡಿಕೊಳ್ಳುವುದು ಬಾಯಿ ತೆರೆದು ಏದುಸಿರು ಬಿಟ್ಟೇ ಅಲ್ವಾ? ಬಾಯಿ ಮುಚ್ಚಿದರೆ, ಬಿಸಿಲಿನ ದಿನ ಜನ ತುಂಬಿದ ಕೇಬಲ್ ಕಾರಿನಲ್ಲಿ ಅದಕ್ಕೆ ಮೈ ಕಾದು ಅಪಾಯವಾಗುತ್ತದೆ. ಅಳತೆ ತೆಗೆಯುವಾಗ ನಾಯಿ ಓಡಿ ಬಂದು ಬಾಯಿ ತೆರೆದಿರುವಾಗ ತೆಗೆಯಿರಿ. ಮೂಗಿನ ಮುಂದೆ ಒಂದು ಬೆರಳಿನಷ್ಟು ಜಾಗ ಇರಲಿ, ಕಣ್ಣಿಗೆ ತಾಗದಿರಲಿ, ನೀರು ಕುಡಿಯಲು ಆಗಲಿ.

ಮೊದಲ ವಾರ ಪಟ್ಟಿಯ ತಂಟೆಗೇ ಹೋಗಬೇಡಿ. ಕುಕ್ಕೆಯನ್ನು ಬಟ್ಟಲಿನ ಹಾಗೆ ಹಿಡಿದು ಒಳಗೆ ಗಟ್ಟಿ ಮೊಸರು ಸವರಿ. ನಾಯಿ ತಾನಾಗೇ ಮೂತಿ ಹಾಕಬೇಕು. ನೀವು ಕುಕ್ಕೆಯನ್ನು ಮುಂದೆ ತಳ್ಳಿದಿರೋ, ಕೆಲಸ ಕೆಟ್ಟಿತು, ಆ ದಿನ ಅಲ್ಲಿಗೇ ಬಿಡಿ. ಕೆಲವರು ಕಡಲೆಕಾಯಿ ಬೆಣ್ಣೆ ಸವರುತ್ತಾರೆ. ಅದರ ಡಬ್ಬಿಯ ಮೇಲೆ ಝೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಅಂತ ಇದ್ದರೆ ನಾಯಿಗೆ ಕೊಡಲೇಬೇಡಿ, ಅದು ನಾಯಿಗೆ ವಿಷ. ನನಗಂತೂ ಮೊಸರೇ ಇಷ್ಟ, ಕೆಂಚನಿಗೂ.

ಎರಡನೇ ವಾರ, ಮೂತಿ ಒಳಗಿರುವಾಗ ಪಟ್ಟಿಯನ್ನು ಕಿವಿ ಹಿಂದೆ ಸುಮ್ನೆ ತಂದು ಹಿಡಿದು ಬಿಡಿ. ಆಮೇಲೆ ಬಕಲ್ ಹಾಕಿ, ಐದು ಎಣಿಸಿ, ತೆಗೆಯಿರಿ. ಎಣಿಸುವಷ್ಟು ಹೊತ್ತೂ ಜಾಲರಿ ಸಂದಿಯಿಂದ ಚೂರು ಚೂರು ಚೀಸ್ ಒಳಗೆ ಹೋಗುತ್ತಿರಲಿ. ಕುಕ್ಕೆ ತೆಗೆದ ಕೂಡಲೇ ಚೀಸ್ ಬಂದ್. ತಿಂಡಿ ಸಿಗುವುದು ಕುಕ್ಕೆ ಹಾಕಿಕೊಂಡಾಗ ಮಾತ್ರ ಅಂತ ಅದಕ್ಕೆ ಗೊತ್ತಾಗಬೇಕು. ಹೆಚ್ಚಿನವರು ಇಲ್ಲಿ ತಪ್ಪುತ್ತಾರೆ: ಕುಕ್ಕೆ ತೆಗೆದ ಮೇಲೆ ಮುದ್ದು ಮಾಡಿ ಬಿಸ್ಕತ್ತು ಕೊಡುತ್ತಾರೆ. ಆಗ ನಾಯಿ ಕಲಿಯುವುದು ಏನು? ಇದು ಬೇಗ ಹೋದರೆ ಒಳ್ಳೆಯದು ಅಂತ. ಇನ್ನೊಂದು ತಪ್ಪು, ನಾಯಿ ಕೆರೆದುಕೊಳ್ಳುವಾಗಲೇ ತೆಗೆಯುವುದು. ಕೆರೆದರೆ ಕಳಚುತ್ತಾರೆ ಅಂತ ಒಂದೇ ಸಲಕ್ಕೆ ಕಲಿತುಬಿಡುತ್ತದೆ. ಅದು ಕೆರೆಯುವ ಮುಂಚೆಯೇ ತೆಗೆಯಿರಿ. ಒಂದು ವೇಳೆ ಕೆರೆಯಿತಾ, ಹೆಸರು ಹಿಡಿದು ಕರೆದು ಎರಡು ಹೆಜ್ಜೆ ನಡೆಸಿ, ಕಾಲು ಕೆಳಗಿಟ್ಟ ಮೇಲೆ ತೆಗೆಯಿರಿ.

ಮೂರನೇ ವಾರ ಕುಕ್ಕೆ ಹಾಕಿಕೊಂಡೇ ಹತ್ತು ನಿಮಿಷ ವಾಕಿಂಗ್. ನಡೆಯುವಾಗ ನಾಯಿ ಅದನ್ನು ಮರೆಯುತ್ತದೆ, ಸುಮ್ಮನೆ ಕೂತಾಗಲೇ ನೆನಪಾಗುವುದು. ನಾಲ್ಕನೇ ವಾರ ಲಿಫ್ಟ್, ಬಸ್, ಟ್ರಾಮ್, ಎಲ್ಲೆಲ್ಲಿ ನೆಲ ಅಲುಗಾಡುತ್ತದೋ ಅಲ್ಲೆಲ್ಲ. ಕೆಂಚನಿಗೆ ಲಿಫ್ಟ್ ಅಂದರೆ ನಡುಕ ಇತ್ತು. ದಿನಾ ಸಂಜೆ ನಮ್ಮ ಕಟ್ಟಡದ ಲಿಫ್ಟ್‌ನಲ್ಲಿ ಒಂದು ಮಹಡಿ ಹತ್ತಿ, ಇಳಿದು, ಸಾಕು ಅಂತ ಮನೆಗೆ ಬರುತ್ತಿದ್ದೆವು. ಅವನಿಗೆ ಧೈರ್ಯ ಬರಲು ಹನ್ನೊಂದು ದಿನ ಬೇಕಾಯಿತು. ಅವಸರ ಮಾಡದೆ ಇದ್ದದ್ದಕ್ಕೆ ನನಗೆ ಈಗಲೂ ಸಮಾಧಾನ ಇದೆ.

ಬೆಟ್ಟದ ಮೇಲೆ ಕೇಬಲ್ ಕಾರಿನಿಂದ ಇಳಿದ ಕೂಡಲೇ ಕುಕ್ಕೆ ತೆಗೆದು ಬ್ಯಾಗಿಗೆ ಸಿಕ್ಕಿಸಿ, ನೀರು ಕೊಡಿ.

ಹಗ್ಗ

ಚಿಕ್ಕದು, 1.5 ಮೀಟರಿನದು. ಇಟಲಿಯ ಊರುಗಳಲ್ಲಿ ಕಾನೂನು ಹೇಳುವುದೂ ಅಷ್ಟೇ. ಎಳೆದರೆ ಉದ್ದವಾಗುವ ರೀಲ್ ಹಗ್ಗ ಕಿರಿದಾದ ಬೆಟ್ಟದ ದಾರಿಯಲ್ಲಿ ಎದುರು ಬರುವವರ ಕಾಲಿಗೆ ಸುತ್ತಿಕೊಳ್ಳುತ್ತದೆ, ಮನೆಯಲ್ಲೇ ಬಿಡಿ. ಕೊರಳಪಟ್ಟಿ ಬೇಡ, ಎದೆಗೆ ಸುತ್ತುವ, ಬೆನ್ನ ಮೇಲೆ ಹಿಡಿ ಇರುವ ಹಾರ್ನೆಸ್ ಇರಲಿ. ಬಂಡೆ ಮೇಲೆ ನಾಯಿಯನ್ನು ಎತ್ತಿ ದಾಟಿಸಲು ಆ ಹಿಡಿ ಬೇಕೇ ಬೇಕು.

ಹಸು ಕಂಡರೆ

ನಮ್ಮವರು ಜಾಸ್ತಿ ಮೋಸ ಹೋಗುವುದು ಇಲ್ಲಿ. ಹಸು ಅಂದರೆ ನಮಗೆ ಭಯ ಇಲ್ಲ, ಹತ್ತಿರ ಹೋಗಿ ಮುಟ್ಟಿ ನಮಸ್ಕಾರ ಮಾಡುತ್ತೇವೆ. ಆದರೆ ಈದ ಹಸುವಿನ ಹತ್ತಿರ ನಾಯಿ ಬಂದರೆ ಏನಾಗುತ್ತದೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಆಲ್ಪ್ಸ್‌ನಲ್ಲಿ ಬೇಸಿಗೆ ಪೂರ್ತಿ ಹಸು, ಕರು ಬೆಟ್ಟದ ಹುಲ್ಲುಗಾವಲಿನಲ್ಲೇ ಇರುತ್ತವೆ, ನಡೆಯುವ ದಾರಿ ಅವುಗಳ ಮಧ್ಯೆಯೇ ಹೋಗುತ್ತದೆ. 2014ರಲ್ಲಿ ಆಸ್ಟ್ರಿಯಾದ ಟಿರೋಲ್‌ನಲ್ಲಿ ನಾಯಿ ಜೊತೆ ಹೋಗುತ್ತಿದ್ದ ಜರ್ಮನ್ ಮಹಿಳೆಯೊಬ್ಬರು ಹಸುಗಳ ದಾಳಿಯಲ್ಲಿ ತೀರಿಕೊಂಡರು. ನಾಯಿಯ ಹಗ್ಗವನ್ನು ಅವರು ಸೊಂಟಕ್ಕೆ ಕಟ್ಟಿಕೊಂಡಿದ್ದರು. ಕೇಸು ಆಸ್ಟ್ರಿಯಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, 2020ರಲ್ಲಿ ರೈತನದ್ದು ಅರ್ಧ, ಮಹಿಳೆಯದ್ದು ಅರ್ಧ ಹೊಣೆ ಅಂತ ತೀರ್ಪಾಯಿತು.

ಆದ್ದರಿಂದ ಸೊಂಟಕ್ಕೆ ಕಟ್ಟುವ ಹಗ್ಗ ಅಂಗಡಿಯವರು ಎಷ್ಟೇ ಹೊಗಳಿದರೂ ಬೇಡ, ಕೈಯಲ್ಲಿ ಹಿಡಿಯಿರಿ. ಕರು ಕಂಡರೆ ದೂರದಿಂದ ಸುತ್ತಿ ಹೋಗಿ, ಅರ್ಧ ಗಂಟೆ ಜಾಸ್ತಿಯಾದರೂ ಪರವಾಗಿಲ್ಲ. ಹಸು ತಲೆ ತಗ್ಗಿಸಿ ನಿಮ್ಮ ಕಡೆ ಬಂದರೆ ಹಗ್ಗ ಬಿಟ್ಟುಬಿಡಿ. ಪ್ರೀತಿಯ ನಾಯಿಯನ್ನು ಬಿಡುವುದು ಹೇಗೆ ಅನ್ನಿಸುತ್ತದೆ. ಆದರೆ ಹಸುವಿಗೆ ಸಿಟ್ಟು ಇರುವುದು ನಾಯಿಯ ಮೇಲೆ, ಓಡಿ ತಪ್ಪಿಸಿಕೊಳ್ಳಲು ನಾಯಿಗೆ ಆಗುತ್ತದೆ, ನಮಗೆ ಆಗುವುದಿಲ್ಲ. ಎತ್ತಿಕೊಳ್ಳಲಂತೂ ಹೋಗಬೇಡಿ. ಬೆನ್ನು ತೋರಿಸದೆ ನಿಧಾನ ಹಿಂದೆ ಸರಿಯಿರಿ.

ನೀರು ಮತ್ತು ಪಾದ

ಡೊಲೊಮೈಟ್ಸ್ ಸುಣ್ಣಕಲ್ಲಿನ ಜಾತಿಯ ಬಂಡೆ. ಮಳೆ ನೀರು ಬಿರುಕುಗಳಲ್ಲಿ ಇಳಿದುಹೋಗುತ್ತದೆ, ಎತ್ತರದಲ್ಲಿ ಹೊಳೆ ಸಿಗುವುದು ಕಡಿಮೆ. ಪಶ್ಚಿಮಘಟ್ಟ ಹತ್ತಿದ ಅಭ್ಯಾಸದಲ್ಲಿ ದಾರಿಯಲ್ಲಿ ತೊರೆ ಸಿಗುತ್ತದೆ ಅಂತ ಬರಬೇಡಿ. ಕೆಂಚನೊಬ್ಬನಿಗೇ ಎರಡು ಲೀಟರ್ ಹೊರುತ್ತೇನೆ.

ಅದೇ ಬಂಡೆ ಒಡೆದು ಚೂಪು ಜಲ್ಲಿಯಾಗಿ ದಾರಿ ತುಂಬ ಬಿದ್ದಿರುತ್ತದೆ. ಗಂಟೆಗೊಮ್ಮೆ ಪಾದ ಎತ್ತಿ ಬೆರಳ ಸಂದಿ ನೋಡಿ. ಅಗ್ಗದ ರಬ್ಬರ್ ಬೂಟುಗಳು ಅರ್ಧ ಕಿಲೋಮೀಟರಿಗೇ ಕಳಚಿ ಬಿದ್ದವು, ನಾನು ಎರಡು ಸಲ ದುಡ್ಡು ಹಾಳು ಮಾಡಿದ್ದೇನೆ. ಗಾಯವಾದಾಗ ಹಾಕಲು ಗಟ್ಟಿ ಅಡಿಯ ಒಂದು ಬೂಟು, ಒಂದು ಹತ್ತಿ ಕಾಲುಚೀಲ, ಬ್ಯಾಂಡೇಜ್ ಸಾಕು. ನಡೆಯಲಾಗದಿದ್ದರೆ ಬೆನ್ನಿಗೆ ಹೊರುವ ಚೀಲವೂ ಇರಲಿ. ಅದನ್ನೂ ಮನೆಯಲ್ಲಿ ಒಮ್ಮೆ ಹೊತ್ತು ನೋಡಿ.

ಯಾವ ದಾರಿ

ಮೊದಲ ದಿನಕ್ಕೆ ಫುನೆಸ್ ಕಣಿವೆಯ ಅಡಾಲ್ಫ್ ಮುಂಕೆಲ್ ದಾರಿ. ಗೈಸ್ಲರ್ ಶಿಖರಗಳ ಬುಡದಲ್ಲಿ, ಬಹುಪಾಲು ಮರದ ನೆರಳಿನಲ್ಲೇ ಹೋಗುತ್ತದೆ. ಕೇಬಲ್ ಕಾರ್ ಕೂಡ ಬೇಕಿಲ್ಲ. ಎಲ್ಲರೂ ಫೋಟೊ ನೋಡಿ ಓಡುವ ತ್ರೆ ಚೀಮೆ (ಮೂರು ಶಿಖರ) ಸುತ್ತು ಸುಮಾರು 10 ಕಿಲೋಮೀಟರ್, ಶುರುವಾಗುವುದೇ 2,320 ಮೀಟರ್ ಎತ್ತರದಲ್ಲಿ, ನೆರಳು ಇಲ್ಲವೇ ಇಲ್ಲ. ಆಗಸ್ಟಿನಲ್ಲಿ ಅಲ್ಲಿಗೆ ನಾಯಿ ಬೇಡ. ಸೆಪ್ಟೆಂಬರ್‌ನಲ್ಲಿ ಹೋಗಿ, ಬೆಳಿಗ್ಗೆ ಏಳಕ್ಕೆ ಹೊರಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಜಾಸ್ತಿ, ಅಷ್ಟು ಹೊತ್ತಿಗೆ ಕೆಳಗಿರಿ.

ಬೆಟ್ಟದ ಗುಡಿಸಲು ಹೋಟೆಲ್‌ಗಳಲ್ಲಿ ರಾತ್ರಿ ಉಳಿಯುವುದಾದರೆ ಫೋನ್ ಮಾಡಿ ಕೇಳಿ. ಊಟದ ಜಾಗಕ್ಕೆ ಬಿಟ್ಟರೂ ಮಲಗುವ ಕೋಣೆಗೆ ನಾಯಿಯನ್ನು ಬಿಡದವರೇ ಹೆಚ್ಚು. ನಾನಂತೂ ಕಣಿವೆಯಲ್ಲೇ ರೂಮು ಮಾಡುತ್ತೇನೆ.

ಸಂಜೆ ಒಂದು ಕೆಲಸ ಬಾಕಿ: ಉಣುಗು ಹುಡುಕುವುದು. ಕಿವಿ ಒಳಗೆ, ಕಂಕುಳಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ. ಸಿಕ್ಕರೆ ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಎಣ್ಣೆ ಗಿಣ್ಣೆ ಹಾಕಬೇಡಿ. ಎರಡು ದಿನ ನಡೆದರೆ ಮೂರನೇ ದಿನ ನಾಯಿಗೆ ರಜೆ. ಅವತ್ತು ನಾವು ಕಣಿವೆಯ ಹೊಳೆ ದಂಡೆಗೆ ಹೋಗುತ್ತೇವೆ, ಕೆಂಚ ಹೊಟ್ಟೆ ಮುಳುಗುವಷ್ಟು ನೀರಿನಲ್ಲಿ ನಿಂತಿರುತ್ತಾನೆ, ಮಧ್ಯಾಹ್ನದವರೆಗೆ ಯಾರೂ ಅವನನ್ನು ಕರೆಯುವುದಿಲ್ಲ.