ಬಾಕಿ ಉಳಿಸಿಕೊಳ್ಳದೆ ಪ್ರತಿದಿನ ಬೈಬಲ್ ಓದುವ ಬಗೆ

ಪ್ರತಿದಿನ ಬೈಬಲ್ ಓದಬೇಕೆಂದು ನಿಶ್ಚಯಿಸಿಕೊಂಡವರು ನಡುವೆ ಕೈಬಿಡುವುದು ಹೆಚ್ಚಿನ ಸಲ ಭಕ್ತಿ ಕಡಿಮೆಯಾದುದರಿಂದಲ್ಲ, ಓದದೆ ಉಳಿದ ಅಧ್ಯಾಯಗಳ ಬಾಕಿ ಹೊರೆಯಾಗಿಬಿಡುವುದರಿಂದ. ನಾನೂ ಹಾಗೆಯೇ ಕೈಬಿಟ್ಟಿದ್ದೆ. ವರ್ಷದ ಮೊದಲ ದಿನ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಿಂದ ಆರಂಭಿಸಿ, ಅಬ್ರಹಾಮ ಮತ್ತು ಯೋಸೇಫರ ಕಥೆಗಳನ್ನು ಉತ್ಸಾಹದಿಂದ ಓದಿ ಮುಗಿಸಿದವನು, ಎರಡನೆಯ ಪುಸ್ತಕವಾದ ವಿಮೋಚನಕಾಂಡದ 25ನೆಯ ಅಧ್ಯಾಯದಿಂದ ದೇವದರ್ಶನದ ಗುಡಾರದ, ಅಂದರೆ ಇಸ್ರಾಯೇಲ್ಯರ ಆರಾಧನೆಯ ಡೇರೆಯ, ಅಳತೆಗಳು ಶುರುವಾದಾಗ ನಾಲ್ಕು ದಿನ ತಪ್ಪಿಸಿದೆ. ಐದನೆಯ ದಿನ ಹದಿನಾರು ಅಧ್ಯಾಯಗಳು ಒಟ್ಟಿಗೆ ಎದುರು ನಿಂತವು. ಅಂದು ಮುಚ್ಚಿದ ಪುಸ್ತಕವನ್ನು ಬಹಳ ದಿನ ತೆರೆಯಲಿಲ್ಲ.

ಆದ್ದರಿಂದ ಮೊದಲು ಅಳತೆಯನ್ನು ತಿಳಿದುಕೊಳ್ಳಬೇಕು. ಪ್ರೊಟೆಸ್ಟೆಂಟ್ ಬೈಬಲಿನ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ವರ್ಷದೊಳಗೆ ಮುಗಿಸಲು ದಿನಕ್ಕೆ ಮೂರರಿಂದ ನಾಲ್ಕು ಅಧ್ಯಾಯ ಬೇಕು. 73 ಪುಸ್ತಕಗಳ ಕಥೋಲಿಕ ಬೈಬಲಿಗೆ ಇನ್ನೂ ಸ್ವಲ್ಪ ಹೆಚ್ಚು. ಯೇಸುವಿನ ಕಾಲದಿಂದ ಆರಂಭವಾಗುವ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯನ್ನಷ್ಟೇ ತೆಗೆದುಕೊಂಡರೆ ಅದರಲ್ಲಿ 260 ಅಧ್ಯಾಯಗಳಿದ್ದು, ದಿನಕ್ಕೊಂದರಂತೆ ವಾರಕ್ಕೆ ಐದು ದಿನ ಓದಿದರೂ 52 ವಾರಗಳಲ್ಲಿ ಸರಿಯಾಗಿ ಮುಗಿಯುತ್ತದೆ, ಉಳಿದ ಎರಡು ದಿನ ತಪ್ಪಿದ ಓದಿಗೆ ಮೀಸಲಾಗುತ್ತವೆ. ಹೊಸದಾಗಿ ಆರಂಭಿಸುವವರಿಗೆ ನಾನು ಇಷ್ಟನ್ನೂ ಹೇಳುವುದಿಲ್ಲ. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅತ್ಯಂತ ಚಿಕ್ಕದಾದ ಮಾರ್ಕನ ಸುವಾರ್ತೆಯನ್ನು, ಅದರ 16 ಅಧ್ಯಾಯಗಳನ್ನು ಮಾತ್ರ, ಅವಸರವಿಲ್ಲದೆ ಮುಗಿಸಿದರೆ ಸಾಕು.

ಸ್ಕಾಟ್ಲೆಂಡಿನ ಸಭಾಪಾಲಕರಾಗಿದ್ದ ರಾಬರ್ಟ್ ಮರ್ರೇ ಮೆಕ್‌ಚೇನ್ ಅವರು 1842ರ ಕೊನೆಯಲ್ಲಿ ತಮ್ಮ ಸಭೆಗಾಗಿ ಸಿದ್ಧಪಡಿಸಿದ ಓದಿನ ಪಟ್ಟಿಯನ್ನು ಇಂದಿಗೂ ಅನೇಕರು ಅನುಸರಿಸುತ್ತಾರೆ. ಅದರಂತೆ ಓದಿದರೆ ಒಂದು ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು (ಹಳೆಯ ಒಡಂಬಡಿಕೆಯ ಪ್ರಾರ್ಥನಾಗೀತೆಗಳ ಪುಸ್ತಕ) ಎರಡು ಸಲ ಮುಗಿಯುತ್ತವೆ. ಆದರೆ ಪಟ್ಟಿಯ ಜೊತೆಗೇ ಅವರು ಅದರ ಅಪಾಯಗಳನ್ನೂ ಬರೆದಿದ್ದರು: ಓದು ಬರಿಯ ಆಚಾರವಾಗಬಹುದು, ಕೆಲವರಿಗೆ ಹೊರಲಾರದ ನೊಗವೂ ಆಗಬಹುದು. ಪಟ್ಟಿಯನ್ನು ಕೈಗೆತ್ತಿಕೊಳ್ಳುವವರು ಈ ಎಚ್ಚರಿಕೆಯನ್ನೂ ಓದಬೇಕೆಂದು ನನ್ನ ಆಸೆ.

ಸಮಯವನ್ನು ಗಡಿಯಾರಕ್ಕಿಂತ, ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟುವುದು ಒಳ್ಳೆಯದು. ಬೆಳಗಿನ ಸ್ನಾನದ ನಂತರ ಅಥವಾ ಹಾಸಿಗೆ ಹಾಸಿದ ನಂತರ ಎಂದು ಗೊತ್ತುಮಾಡಿಕೊಂಡರೆ ನೆನಪು ತಾನಾಗಿಯೇ ಬರುತ್ತದೆ. ಪುಸ್ತಕವನ್ನು ಕಪಾಟಿನಲ್ಲಿಡದೆ, ಮರುದಿನದ ಪುಟಕ್ಕೆ ಪೆನ್ಸಿಲ್ ಇಟ್ಟು, ಕುಳಿತುಕೊಳ್ಳುವ ಜಾಗದಲ್ಲೇ ಬಿಡಿ. ಮೊಬೈಲಿನಲ್ಲಿ ಓದುವವರು ಉಳಿದ ಸಂದೇಶಗಳ ಸದ್ದನ್ನು ಮೊದಲೇ ನಿಲ್ಲಿಸಿಕೊಳ್ಳಬೇಕು.

ಓದುವಾಗ ಭಾಗ ಚಿಕ್ಕದಿದ್ದಷ್ಟೂ ಕಣ್ಣಿಗೆ ಬೀಳುವುದು ಹೆಚ್ಚು. ಬಿರುಗಾಳಿಯನ್ನು ಯೇಸು ಶಾಂತಗೊಳಿಸಿದ ಪ್ರಸಂಗವನ್ನು ಮತ್ತಾಯ, ಮಾರ್ಕ, ಲೂಕ ಮೂವರೂ ಬರೆದಿದ್ದಾರೆ. ಆದರೆ ಆತನು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದನೆಂಬ ವಿವರ ಮಾರ್ಕನ 4ನೆಯ ಅಧ್ಯಾಯದಲ್ಲಿ ಮಾತ್ರ ಇದೆ. ಅನೇಕ ಸಲ ಓದಿದ್ದ ಆ ವಚನದಲ್ಲಿ ತಲೆದಿಂಬು ನನಗೆ ಕಂಡದ್ದು, ಒಂದು ಬೆಳಿಗ್ಗೆ ಕೇವಲ ಏಳು ವಚನಗಳನ್ನು ಗಟ್ಟಿಯಾಗಿ ಎರಡು ಸಲ ಓದಿದಾಗ. ದಣಿದು ಮಲಗಿದ ಮನುಷ್ಯನೂ, ಗಾಳಿಯನ್ನು ಗದರಿಸುವ ಕರ್ತನೂ ಒಬ್ಬನೇ ಎಂಬುದು ಅಂದು ದಿನವಿಡೀ ಮನಸ್ಸಿನಲ್ಲಿ ಉಳಿಯಿತು. ಹೀಗೆ ಉಳಿದದ್ದನ್ನು ಒಂದೇ ಸಾಲಿನಲ್ಲಿ ಬರೆದಿಡಿ, ಹೆಚ್ಚು ಬರೆಯಹೋದರೆ ಅದೂ ಇನ್ನೊಂದು ಬಾಕಿಯಾಗುತ್ತದೆ.

ಬಲಿ, ಶುದ್ಧಾಚಾರಗಳ ನಿಯಮಗಳು ತುಂಬಿರುವ ಯಾಜಕಕಾಂಡದಂಥ ಕಠಿಣ ಭಾಗಗಳು ಬಂದಾಗ ಜೊತೆಗೆ ಒಂದು ಕೀರ್ತನೆಯನ್ನು ಇಟ್ಟುಕೊಳ್ಳಬಹುದು. ಮೈ ಸರಿಯಿಲ್ಲದ ದಿನಕ್ಕೆ ಎರಡೇ ವಚನಗಳ 117ನೆಯ ಕೀರ್ತನೆಯೂ ಓದೇ. ಮನಸ್ಸು ಕುಗ್ಗಿದ ದಿನ, ಎಲ್ಲಿಯವರೆಗೆ ಎಂದು ದೇವರನ್ನೇ ಕೇಳುವ 13ನೆಯ ಕೀರ್ತನೆ ಆರು ವಚನಗಳಲ್ಲಿ ಮುಗಿಯುತ್ತದೆ.

ಇಷ್ಟಾದರೂ ದಿನಗಳು ತಪ್ಪುತ್ತವೆ. ಪಟ್ಟಿಯಲ್ಲಿ ತಾರೀಖುಗಳಿದ್ದರೆ ಅವನ್ನು ಹೊಡೆದುಹಾಕಿ, ಅಧ್ಯಾಯದ ಸಂಖ್ಯೆಗಳನ್ನು ಮಾತ್ರ ಉಳಿಸಿಕೊಳ್ಳಿ. ಮೂರು ದಿನ ಬಿಟ್ಟು ಹೋಗಿದ್ದರೆ ನಾಲ್ಕು ದಿನದ್ದನ್ನು ಒಂದೇ ದಿನ ಓದಬೇಡಿ. ಪೆನ್ಸಿಲ್ ಇರುವ ಪುಟವನ್ನು ತೆರೆದು, ಹಿಂದಿನ ಸಲ ಕೊನೆಗೆ ಓದಿದ ನಾಲ್ಕೈದು ವಚನಗಳನ್ನು ಮತ್ತೊಮ್ಮೆ ಓದಿ, ಅಲ್ಲಿಂದ ಅಂದಿನ ಭಾಗವನ್ನಷ್ಟೇ ಮುಂದುವರಿಸಿ.