ಹಿತ್ತಿಲಿಗೆ ಪಾಲಿಹೌಸ್ ಬೇಕೇ? ಒಂದು ವರ್ಷ ಯೋಚಿಸಿ ನಿರ್ಧರಿಸಿದ ನನ್ನ ಅನುಭವ

ಸಾಗರ ತಾಲ್ಲೂಕಿನ ನಮ್ಮ ಮನೆಯ ಹಿಂದೆ ಮೂರು ಗುಂಟೆಯಷ್ಟು ಹಿತ್ತಿಲಿದೆ. ಅತ್ತೆಯವರ ಕಾಲದಿಂದಲೂ ಮನೆಗೆ ಬೇಕಾದ ತರಕಾರಿಯಲ್ಲಿ ಬಹುಪಾಲು ಅಲ್ಲಿಯೇ ಬೆಳೆಯುತ್ತದೆ. ಮೂರು ವರ್ಷಗಳ ಹಿಂದೆ ಆರಿದ್ರಾ ಮಳೆ ಬಿಡದೆ ಹೊಡೆದಾಗ, ಕಾಯಿ ಕಚ್ಚಿ ನಿಂತಿದ್ದ ನಲವತ್ತು ಟೊಮೆಟೊ ಗಿಡಗಳು ಎಂಟೇ ದಿನಗಳಲ್ಲಿ ಅಂಗಮಾರಿ ತಗುಲಿ ಕಪ್ಪಾಗಿ ಕೊಳೆತುಹೋದವು. ಅದೇ ವಾರ ಮಂಗಗಳ ಹಿಂಡು ಇಳಿದು ಬೆಂಡೆಯ ಮತ್ತು ಸೌತೆಯ ಮಿಡಿಗಳನ್ನೆಲ್ಲ ಕಿತ್ತೆಸೆದು ಹೋಯಿತು. ಬೆಂಗಳೂರಿನಿಂದ ಬಂದಿದ್ದ ಮಗ ಇದನ್ನು ನೋಡಿ, "ಅಮ್ಮ, ಇಡೀ ಹಿತ್ತಿಲನ್ನೇ ಪಾಲಿಹೌಸ್ ಒಳಗೆ ಸೇರಿಸಿಬಿಡೋಣ, ಮಳೆಯೂ ಇಲ್ಲ ಮಂಗವೂ ಇಲ್ಲ" ಎಂದ. ಪಾಲಿಹೌಸ್ ಎಂದರೆ ಪೈಪಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದೆಸಿ ಸುತ್ತಲೂ ಮುಚ್ಚಿದ, ಗಿಡ ಬೆಳೆಸುವ ಮನೆ. ಅವನೇ ಒಬ್ಬ ಗುತ್ತಿಗೆದಾರರನ್ನು ಕರೆಸಿ ಅಳತೆ ತೆಗೆಸಿದ. ಅವರು 3 ಲಕ್ಷ 60 ಸಾವಿರ ರೂಪಾಯಿಯ ಅಂದಾಜು ಕೊಟ್ಟರು.

ಹಣ ದೊಡ್ಡದು ಎಂಬ ಕಾರಣಕ್ಕಷ್ಟೇ ನಾನು ತಡೆದದ್ದಲ್ಲ. ನಮ್ಮ ನಷ್ಟದಲ್ಲಿ ಯಾವುದು ಮಳೆಯದು, ಯಾವುದು ಮಂಗನದು, ಯಾವುದು ಮಣ್ಣಿನದು ಎಂಬ ಲೆಕ್ಕವೇ ನಮ್ಮಲ್ಲಿ ಇರಲಿಲ್ಲ. ಹಾಗಾಗಿ ಒಂದು ವರ್ಷ ಕಾಯೋಣ ಎಂದು ಮಗನನ್ನು ಒಪ್ಪಿಸಿ, ಅಡುಗೆಮನೆಯ ಗೋಡೆಗೆ ಒಂದು ನೋಟ್‌ಬುಕ್ ತೂಗುಹಾಕಿದೆ. ಯಾವ ಗಿಡ ಹಾಳಾಯಿತು, ಯಾವ ತಿಂಗಳು, ಯಾವ ಕಾರಣ ಎಂದು ಅದರಲ್ಲಿ ಬರೆಯುತ್ತ ಹೋದೆ.

ವರ್ಷದ ಕೊನೆಗೆ ಅದನ್ನು ಓದಿದಾಗ ನಾನು ಅಂದುಕೊಂಡದ್ದಕ್ಕಿಂತ ಬೇರೆಯದೇ ಚಿತ್ರ ಕಂಡಿತು. ಮಳೆಯಿಂದಲೇ ಹಾಳಾಗುತ್ತಿದ್ದವು ಟೊಮೆಟೊ, ಮೆಣಸಿನಕಾಯಿ, ಕೊತ್ತಂಬರಿ ಮತ್ತು ಎಳೆಯ ಸಸಿಗಳು ಮಾತ್ರ. ಹೀರೆ, ಹಾಗಲ, ಮೊಗೆಕಾಯಿ, ಬೆಂಡೆ, ಕೆಸುವು ಇವೆಲ್ಲ ಮಳೆಗಾಲದಲ್ಲಿಯೇ ಬೆಳೆಯುವ ಜಾತಿಗಳು. ಅವಕ್ಕೆ ಮಾಡು (ಚಾವಣಿ) ಬೇಕಿಲ್ಲ, ಚಪ್ಪರ ಗಟ್ಟಿಯಾಗಿದ್ದರೆ ಸಾಕು. ಬದನೆ ಗಿಡಗಳು ಹಸಿರಾಗಿದ್ದಂತೆಯೇ ಒಂದು ಬೆಳಗ್ಗೆ ಬಾಡಿ ಬೀಳುತ್ತಿದ್ದುದಕ್ಕೆ ಕಾರಣ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದ ಸೊರಗು ರೋಗ. ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟರೆ ಹಾಲಿನಂಥ ಎಳೆ ಕೆಳಗೆ ಇಳಿಯುತ್ತದೆ. ಆ ಪರೀಕ್ಷೆಯನ್ನು ನಾನೇ ಮಾಡಿ ನೋಡಿದೆ. ಲಕ್ಷಗಟ್ಟಲೆ ಖರ್ಚು ಮಾಡಿ ಮೇಲೆ ಹಾಳೆ ಹೊದೆಸಿದರೂ ಈ ರೋಗ ಮಣ್ಣಿನಲ್ಲಿಯೇ ಉಳಿಯುತ್ತಿತ್ತು. ಅದಕ್ಕೆ ಮದ್ದು ತಳಿಯ ಆಯ್ಕೆಯಲ್ಲಿತ್ತು. ಸುಂಡೆ ಗಿಡದ ಬೇರಿನ ಮೇಲೆ ಬದನೆಯನ್ನು ಕಸಿ ಕಟ್ಟಿದೆ. ಟೊಮೆಟೊದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯನ್ನು ಹಾಕಿದೆ. ಅದು ಸೊರಗು ರೋಗ, ಎಲೆ ಮುಟುರು ನಂಜು ಮತ್ತು ಬೇಗ ಬರುವ ಅಂಗಮಾರಿ (ಅರ್ಲಿ ಬ್ಲೈಟ್), ಈ ಮೂರನ್ನೂ ತಡೆಯಬಲ್ಲದು. ಆದರೆ ಆರಿದ್ರಾ ಮಳೆಯಲ್ಲಿ ಬರುವ ತಡವಾದ ಅಂಗಮಾರಿ (ಲೇಟ್ ಬ್ಲೈಟ್) ಬೇರೆಯ ರೋಗವಾದ್ದರಿಂದ, ಟೊಮೆಟೊಗೆ ಮಾಡಿನ ಅಗತ್ಯ ಉಳಿದೇ ಇತ್ತು.

ಇಷ್ಟಾದರೂ ಮುಚ್ಚಿದ ಮನೆಯೊಳಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡದೆ ಬೇಡವೆನ್ನುವುದು ಸರಿಯಲ್ಲ ಎನಿಸಿತು. ಫೆಬ್ರುವರಿಯಲ್ಲಿ ಬಿದಿರಿನ ಗಳಗಳನ್ನು ಬಗ್ಗಿಸಿ, ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪುಟ್ಟ ಗೂಡು ಮಾಡಿ, ಮೇಲೆ ಪಾಲಿಥಿನ್ ಹಾಳೆಯನ್ನೂ ಎರಡು ತುದಿಗೆ ಕೀಟ ತಡೆಯುವ ಬಲೆಯನ್ನೂ ಕಟ್ಟಿದೆ. ಒಳಗೆ ಆರು ಟೊಮೆಟೊ, ನಾಲ್ಕು ಸೌತೆ ಬಳ್ಳಿ. ಹೊರಗೆ ಅಷ್ಟೇ ಸಂಖ್ಯೆಯಲ್ಲಿ ಅವೇ ತಳಿಗಳು. ಮಾರ್ಚ್ ಎರಡನೇ ವಾರ ಮಧ್ಯಾಹ್ನ ಎರಡು ಗಂಟೆಗೆ ಹೊರಗೆ 34 ಡಿಗ್ರಿ ಇದ್ದಾಗ ಒಳಗಿನ ಉಷ್ಣಮಾಪಕ 43 ಡಿಗ್ರಿ ತೋರಿಸಿತು. ಉಷ್ಣತೆ 35 ಡಿಗ್ರಿ ದಾಟಿದ ಮೇಲೆ ಟೊಮೆಟೊದ ಪರಾಗ ಕೆಡತೊಡಗುತ್ತದೆ. ನನ್ನ ಗಿಡಗಳಲ್ಲಿಯೂ ಹೂವು ಬಿಟ್ಟದ್ದು ಬಿಟ್ಟಂತೆಯೇ ತೊಟ್ಟು ಕಳಚಿ ಉದುರಿತು. ಗಾಜಿನ ಮನೆ ಎಂಬುದು ಬಿಸಿಲಿನ ಕಾವನ್ನು ಹಿಡಿದಿಡಲು ಚಳಿ ದೇಶಗಳಲ್ಲಿ ಬೆಳೆದುಬಂದ ವ್ಯವಸ್ಥೆ. ನಮಗೆ ಬೇಕಾದುದು ಕಾವಲ್ಲ. ದೊಡ್ಡ ಪಾಲಿಹೌಸ್‌ಗಳಲ್ಲಿ ಎತ್ತರವನ್ನು ಹೆಚ್ಚಿಸಿ, ನೆತ್ತಿಯಲ್ಲಿ ಗಾಳಿಕಿಂಡಿ ಬಿಟ್ಟು ಈ ಕಾವನ್ನು ಹೊರಹಾಕುತ್ತಾರೆ ಎಂಬುದು ನಿಜ. ಆದರೆ ಸುತ್ತಲೂ ಅಡಿಕೆ ತೋಟವಿದ್ದು ಗಾಳಿ ಮಂದವಾಗಿರುವ ನಮ್ಮ ಹಿತ್ತಿಲಿನಲ್ಲಿ ಅದು ಎಷ್ಟು ನಡೆದೀತು ಎಂಬ ಸಂದೇಹ ನನಗೆ ಉಳಿಯಿತು.

ಸೌತೆಯ ಕಥೆ ಇನ್ನೂ ಸ್ಪಷ್ಟವಾಗಿತ್ತು. ನಾವು ಬೆಳೆಯುವ ನಾಟಿ ಸೌತೆಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಜೇನು ಬಾರದಿದ್ದರೆ ಕಾಯಿ ಇಲ್ಲ. ಬಲೆ ಕಟ್ಟಿದ ಗೂಡಿನೊಳಗೆ ತುಡುವೆ ಜೇನಾಗಲಿ ಮಿಸರಿಯಾಗಲಿ ಹೋಗುವಂತಿರಲಿಲ್ಲ. ಮಿಡಿಗಳು ಹಳದಿಯಾಗಿ ಮುರುಟಿಹೋದವು. ನಾನೇ ಬೆಳಗ್ಗೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಸವರಿದಾಗ ಮಾತ್ರ ಕಾಯಿ ಕಟ್ಟಿತು. ನಾಲ್ಕು ಬಳ್ಳಿಗೆ ಇದನ್ನು ಮಾಡಬಹುದು, ಆದರೆ ಸಂಜೆ ಅರಳುವ ಹೀರೆಗೆ ಸಂಜೆ, ಮುಂಜಾನೆ ಅರಳುವ ಹಾಗಲಕ್ಕೆ ಮುಂಜಾನೆ ಎಂದು ಮೂರು ಗುಂಟೆಯಲ್ಲಿ ದಿನವೂ ಹೂವು ಹುಡುಕುತ್ತ ತಿರುಗುವುದು ಮನೆಗೆಲಸದ ನಡುವೆ ಆಗುವ ಮಾತಲ್ಲ. ಜೇನಿಲ್ಲದೆಯೂ ಕಾಯಿ ಕಟ್ಟುವ ಸೌತೆ ತಳಿಗಳು ಪಾಲಿಹೌಸ್‌ಗಾಗಿಯೇ ಸಿಗುತ್ತವೆ. ಆದರೆ ಪ್ರತಿ ಸಲ ಬೀಜವನ್ನು ಕೊಳ್ಳಬೇಕಾಗುತ್ತದೆ. ಅತ್ತೆಯವರು ಬೂದಿಯಲ್ಲಿ ಹೊರಳಿಸಿ ಇಟ್ಟುಕೊಂಡು ಬಂದ ಬೀಜವನ್ನು ಬಿಡಲು ನನಗೆ ಮನಸ್ಸು ಬರಲಿಲ್ಲ, ಮತ್ತು ಈ ಮನಸ್ಸನ್ನೂ ನಿರ್ಧಾರದ ಲೆಕ್ಕಕ್ಕೆ ಸೇರಿಸಿಕೊಂಡೆ.

ಮಂಗಗಳ ವಿಷಯ ಬೇಗ ಇತ್ಯರ್ಥವಾಯಿತು. ಗೂಡಿನ ಮೇಲೆ ಒಂದು ಮರಿಮಂಗ ಜಿಗಿದು ಉಗುರು ಊರಿದ್ದಕ್ಕೆ ಹಾಳೆ ಎರಡು ಅಡಿ ಹರಿಯಿತು. ಮಂಗನನ್ನು ತಡೆಯುವುದು ತಂತಿಯ ಜಾಲರಿಯೇ ಹೊರತು ಪ್ಲಾಸ್ಟಿಕ್ ಹಾಳೆಯಲ್ಲ.

ಇಷ್ಟನ್ನು ಮಗನ ಮುಂದಿಟ್ಟು, ಇಬ್ಬರೂ ಕೂಡಿಯೇ ತೀರ್ಮಾನಿಸಿದೆವು. ಮೇ ತಿಂಗಳಲ್ಲಿ ಹಿತ್ತಿಲಿನ ಮೂಡಣ ಮೂಲೆಯಲ್ಲಿ 6 ಮೀಟರ್ ಉದ್ದ, 4 ಮೀಟರ್ ಅಗಲದ ಒಂದು ಮಳೆಮಾಡು ಮಾತ್ರ ಕಟ್ಟಿಸಿದೆವು. ಸತು ಲೇಪಿಸಿದ ಕಬ್ಬಿಣದ (ಜಿಐ) ಪೈಪಿನ ಕಂಬ, ನೆತ್ತಿ ಹತ್ತು ಅಡಿ, ಅಂಚು ಏಳು ಅಡಿ, ಮೇಲೆ ಬಿಸಿಲು ತಾಳುವ 200 ಮೈಕ್ರಾನ್ ಹಾಳೆ; ನಾಲ್ಕು ಕಡೆಯೂ ಗೋಡೆಯಿಲ್ಲ, ಜೇನು ನುಸುಳುವಷ್ಟು ಕಣ್ಣಿರುವ ಜಾಲರಿ ಮಾತ್ರ. ಮಂಗ ಹಾಳೆಯ ಮೇಲೆ ಜಿಗಿಯದಂತೆ ಅದೇ ಜಾಲರಿಯನ್ನು ಮಾಡಿನಿಂದ ಒಂದು ಅಡಿ ಮೇಲಕ್ಕೆ ಎಳೆದು ಕಟ್ಟಿಸಿದೆವು. ಹಾಳೆ ತಾಗುವ ಕಡೆ ಪೈಪಿಗೆ ಬಿಳಿ ಬಣ್ಣ ಬಳಿಸಿದೆ, ಏಕೆಂದರೆ ಬಿಸಿಲಿಗೆ ಕಾದ ಕಬ್ಬಿಣ ತಾಗಿದಲ್ಲಿಯೇ ಪ್ಲಾಸ್ಟಿಕ್ ಮೊದಲು ಪುಡಿಯಾಗುತ್ತದೆ. ಎಲ್ಲ ಸೇರಿ 41 ಸಾವಿರ ರೂಪಾಯಿ ಆಯಿತು.

ನಾನು ಮುಂಚೆ ಯೋಚಿಸದೆ ತಪ್ಪಿದ್ದು ಮಾಡಿನ ನೀರಿನ ವಿಷಯದಲ್ಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ 24 ಚದರ ಮೀಟರಿನ ಮಾಡಿನ ಮೇಲೆ 100 ಮಿಲಿಮೀಟರ್ ಸುರಿದ ದಿನ 2,400 ಲೀಟರ್ ನೀರು ಎರಡು ಅಂಚುಗಳಿಂದ ಧುಮುಕಿ, ಬುಡದ ಮಣ್ಣನ್ನು ಕೊರೆದು, ಒಳಗಿನ ಏರುಮಡಿಯನ್ನೂ ಕೆಸರು ಮಾಡಿತು. ಮರುದಿನವೇ ಕೊಡೆ ಹಿಡಿದು ನಿಂತು ಎರಡೂ ಬದಿಗೆ ಕಾಲುವೆ ತೋಡಿಸಿ, ತೋಟದ ಬಸಿಗಾಲುವೆಗೆ ಸೇರಿಸಬೇಕಾಯಿತು. ಮಾಡು ಕಟ್ಟುವವರು ಕಂಬ ನೆಡುವ ಮೊದಲು ಕಾಲುವೆ ತೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಈಗ ಎರಡು ಮಳೆಗಾಲ ಕಳೆದಿವೆ. ಮಾಡಿನ ಕೆಳಗಿನ ಟೊಮೆಟೊ, ಮೆಣಸು, ಕೊತ್ತಂಬರಿ ಎರಡು ವರ್ಷವೂ ಉಳಿದುಕೊಂಡಿವೆ. ಎಲೆ ಒದ್ದೆಯಾಗದ್ದರಿಂದ ಅಂಗಮಾರಿ ಬರಲಿಲ್ಲ. ಆದರೆ ಮಳೆ ತೊಳೆಯದ್ದರಿಂದ ಮೆಣಸಿನ ಗಿಡದಲ್ಲಿ ನುಸಿ ಹೆಚ್ಚಾಯಿತು, ಅದಕ್ಕೆ ವಾರಕ್ಕೊಮ್ಮೆ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಿಂಪಡಿಸುತ್ತೇನೆ. ಆಶ್ಲೇಷ ಮಳೆಯ ಹೊತ್ತಿಗೆ ಹಾಳೆಯ ಮೇಲೆ ಪಾಚಿ ಕಟ್ಟಿ, ಮೊದಲೇ ಕಡಿಮೆಯಿರುವ ಬೆಳಕು ಇನ್ನಷ್ಟು ಕಡಿಮೆಯಾಗುತ್ತದೆ. ಉದ್ದ ಕೋಲಿಗೆ ಹಳೆಯ ಬಟ್ಟೆ ಸುತ್ತಿ ಒರೆಸಬೇಕು. ದೀಪಾವಳಿ ಕಳೆದ ಮೇಲೆ ಹಾಳೆಯನ್ನು ಬಿಚ್ಚಿ, ತೊಳೆದು, ನೆರಳಿನಲ್ಲಿ ಒಣಗಿಸಿ ಅಟ್ಟಕ್ಕೆ ಏರಿಸುತ್ತೇವೆ. ಆಗ ಆ ಮಡಿಗಳಿಗೂ ಬಿಸಿಲು, ಇಬ್ಬನಿ ಮತ್ತು ಬೇಸಿಗೆಯ ಮೊದಲ ಮಳೆ ಸಿಗುತ್ತವೆ; ವರ್ಷವಿಡೀ ಮುಚ್ಚಿಟ್ಟ ಮಣ್ಣಿನಲ್ಲಿ ಉಪ್ಪು ಮೇಲೆ ಬಂದು ಕೂರುವ ತೊಂದರೆ ಇರುವುದಿಲ್ಲ. ಮಗ ಕಳೆದ ತಿಂಗಳು ಬಂದಾಗ ಅದೇ ಕಂಬಗಳ ಪಕ್ಕದಲ್ಲಿ ಬೆಂಡೆ ಮತ್ತು ಸೌತೆಯ ಮಡಿಗಳ ಅಳತೆ ತೆಗೆದುಕೊಂಡು ಹೋಗಿದ್ದಾನೆ. ಅಲ್ಲಿಗೆ ಹಾಳೆ ಹಾಕುವುದಿಲ್ಲ, ಜಾಲರಿಯೊಂದೇ.